ಬಾಣಂತಿ ಕೋಣೆಗೆ ಬಂದ ಕುವೈತಿನ ಹೀಟರ್

ಬೆಟಗೇರಿ,
ತಾ. ೯-೧-೧೯೮೪

ಮಗ ಮಾಶಾಕನಿಗೆ ನಿನ್ನ ಅಬ್ಬಾ ಮಾಡುವ ಅನೇಕ ದುವಾಗಳು.

ನಿನ್ನ ಆರೋಗ್ಯ ಹೇಗಿದೆ? ಕೆಮ್ಮು ಕಡಿಮೆಯಾಯಿತೇ? ಕುವೈತಿನಲ್ಲಿ ಈಗ ಮೈ ಕೊರೆಯುವ ಚಳಿ ಎಂದು ಬರೆದಿದ್ದೆ, ಉಣ್ಣೆಯ ಬನಿಯನ್ ಬಿಡಬೇಡ. ಇಲ್ಲಿ ನಾನು, ನಿನ್ನ ಅಮ್ಮಿ ಕ್ಷೇಮ. ನಿನ್ನ ಹೆಂಡತಿ ಅಖ್ತರಿ ಮತ್ತು ಕೂಸು ಜೀವಂತ ಇದ್ದಾರೆ. ಗಾಬರಿಯಾಗಬೇಡ, ಈಗ ಇಬ್ಬರೂ ಹಾಲು ಕುಡಿದು ಮಲಗಿದ್ದಾರೆ. ಆದರೆ ನಿನ್ನ ಭಾವ ಉಸ್ಮಾನಸಾಬನಂಥ ಜಾಣರು ಬಂದು ಹೋಗುವ ಮನೆಯಲ್ಲಿ ಜೀವಂತ ಇರುವುದೇ ದೊಡ್ಡದು.

ನೀನು ಕಳಿಸಿದ ಗ್ಯಾಸಿನ ಹೀಟರನ್ನು ನಿನ್ನ ಜೊತೆಗಾರ, ಲಕ್ಷ್ಮೇಶ್ವರದ ಖಾಜಾಸಾಬ ರಜೆಗೆ ಬಂದಾಗ ತಂದುಕೊಟ್ಟ. ಜೊತೆಗೆ ನಿನ್ನ ಪತ್ರ. ಈ ಮನೆಗೆ ಬಂದ ಪತ್ರವನ್ನು ಪಡಸಾಲೆಯಲ್ಲಿ ಎಲ್ಲರನ್ನೂ ಕೂಡಿಸಿ ನಾನೇ ಓದುವುದು ನಿನಗೆ ಗೊತ್ತಿದೆ. ಹಾಗೇ ಓದಿದೆ. ಓಣಿಯವರೆಲ್ಲ ಬಂದು ಚಹಾ ಕುಡಿದು, ಹೀಟರಿನ ಗುಂಡಿ ತಿರುವಿ ನೋಡಿ ಹೋದರು. ಕೂಸು ಹೇಗಿದೆ ಎಂದು ಒಬ್ಬರೂ ಕೇಳಲಿಲ್ಲ. ಬೆಟಗೇರಿಯ ಚಳಿಗೆ ಇಷ್ಟು ದೊಡ್ಡ ಯಂತ್ರ ಕಳಿಸಿದ ನಿನ್ನ ಬುದ್ಧಿಯ ಬಗ್ಗೆ ನಾನು ಏನೂ ಹೇಳುವುದಿಲ್ಲ. ಮರುದಿನವೇ ಉಸ್ಮಾನಸಾಬ ಶಿರಹಟ್ಟಿಯಿಂದ ತನ್ನ ಮನೆಯ ಸಿಲಿಂಡರನ್ನು ಬಸ್ಸಿನ ಮೇಲೆ ಹೇರಿಕೊಂಡು ಬಂದ. ಸೈಕಲ್ಲಿನ ಚೈನು ಬಿದ್ದರೆ ಹಾಕಲು ಬಾರದ ಮನುಷ್ಯ, ಅಂದು ಇಂಜಿನಿಯರ್ ಆಗಿಬಿಟ್ಟ.

ಇದ್ದಿಲಿನ ಅಗ್ಗಿಷ್ಟಿಕೆ ಇದ್ದಾಗ ನಿನ್ನ ಅಮ್ಮಿ ಬಾಣಂತಿ ಕೋಣೆಯ ಬೆಳಕಿಂಡಿಯನ್ನು ಮಾತ್ರ ಮುಚ್ಚುತ್ತಿರಲಿಲ್ಲ, ಹೊಗೆಗೆ ಕಣ್ಣುರಿಯುತ್ತಿತ್ತು. ಈ ಹೀಟರಿಗೆ ಹೊಗೆ ಎಲ್ಲಿದೆ? "ಹೊಗೀನ ಇಲ್ಲಂದಮ್ಯಾಲ ಕಿಂಡಿ ಯಾಕ ಬೇಕ್ರಿ ಮಾಮಾ? ಕಾವು ಸುಮ್ನ ಹೊರಗ ಹೊಕ್ಕೈತಿ" ಎಂದ ಆ ಮಹಾಶಯ. ನಿನ್ನ ಅಮ್ಮಿಗೆ ಅಷ್ಟೇ ಸಾಕಾಯಿತು. ಬಾಣಂತಿಗೆ ಗಾಳಿ ಬಡಿದೀತು ಎನ್ನುತ್ತ ಹಳೆಯ ಕೌದಿ ಹರಿದು ಕಿಟಕಿಯ ಸಂದು, ಬೆಳಕಿಂಡಿ, ಬಾಗಿಲ ಕೆಳಗಿನ ಸೀಳು, ಎಲ್ಲ ಕಡೆ ತುರುಕಿದಳು. ಇರುವೆ ನುಸುಳಲೂ ಜಾಗ ಉಳಿಯಲಿಲ್ಲ. ನಾನು ಪಡಸಾಲೆಯಲ್ಲಿ ಕೂತು ನೋಡುತ್ತಿದ್ದೆ.

ಕಳೆದ ಶುಕ್ರವಾರ ಬೆಳಗಿನ ನಮಾಜು ಮುಗಿದ ಮೇಲೆ ಹೀಟರ್ ಹಚ್ಚಿದರು. ಎಂಟು ಗಂಟೆಗೆ ಬಾಣಂತಿಗೂ ಕೂಸಿಗೂ ನೀರೆರೆಯುವ ಅಂಬವ್ವ ಬಂದಳು. ಬಾಗಿಲು ತಟ್ಟಿದರೆ ಅಖ್ತರಿಯ ದನಿ ಇಲ್ಲ. "ಬೆಚ್ಚಗೈತಿ, ನಿದ್ದಿ ಹತ್ತೇತಿ" ಎಂದು ಉಸ್ಮಾನಸಾಬ ಹಲ್ಲು ಕಿಸಿದ. ಅಂಬವ್ವ ಅವನ ಕಡೆ ನೋಡಲೂ ಇಲ್ಲ. ಬಾಗಿಲು ನೂಕಿ, ಕೂಸನ್ನು ಬಗಲಿಗೆ ಎತ್ತಿಕೊಂಡು, ಅಖ್ತರಿಯನ್ನು ರಟ್ಟೆ ಹಿಡಿದು ಅಂಗಳಕ್ಕೆ ಎಳೆದು ತಂದಳು. "ಬಾಣಂತೀನ ಡಬ್ಬ್ಯಾಗ ಇಟ್ಟು ಮುಚ್ಚಳ ಹಾಕೀರೇನ್ರಿ? ಮನಷ್ಯಾರ ಹೌದಿಲ್ಲೋ ನೀವು?" ಎಂದು ನನ್ನ ಮುಖಕ್ಕೇ ಕೇಳಿದಳು. ಅಖ್ತರಿ ವಾಂತಿ ಮಾಡಿಕೊಂಡು ಕುಸಿದಳು. ಕೂಸಿನ ಕೈಕಾಲು ಜೋತುಬಿದ್ದಿದ್ದವು, ಅಳು ಇರಲಿಲ್ಲ. ಅಂಬವ್ವ ಅದರ ಅಂಗಾಲು ತಟ್ಟುತ್ತಲೇ ಇದ್ದಳು. ನಿನಗೆ ಏನೆಂದು ತಂತಿ ಕೊಡಲಿ ಎಂದು ನಾನು ಮನಸ್ಸಿನಲ್ಲೇ ಮಾತು ಜೋಡಿಸುತ್ತಿದ್ದೆ. ಆಮೇಲೆ ಅದು ಅತ್ತಿತು ಮಾಶಾಕ.

ಮುಚ್ಚಿದ ಕೋಣೆಯಲ್ಲಿ ಗ್ಯಾಸು ಉರಿದರೆ ಇದ್ದ ಗಾಳಿಯನ್ನೆಲ್ಲ ತಿಂದು, ಬಣ್ಣ ವಾಸನೆ ಇಲ್ಲದ ವಿಷ ಬಿಡುತ್ತದಂತೆ. ಹೊರಗಿನ ಗಾಳಿ ಬರಲು ಒಂದು ದಾರಿ, ಒಳಗಿನದು ಹೋಗಲು ಒಂದು ದಾರಿ ಇರಲೇಬೇಕು ಎಂದು, ಇಬ್ಬರನ್ನೂ ಗದಗಿಗೆ ಒಯ್ದು ತೋರಿಸಿದಾಗ, ಅಲ್ಲಿನ ಡಾಕ್ಟರು ಹೇಳಿದರು. ಉಸ್ಮಾನಸಾಬ ಎಲ್ಲ ತಿಳಿದವನಂತೆ ತಲೆಯಾಡಿಸಿದ. ಮನೆಗೆ ಬಂದವನೇ "ದೃಷ್ಟಿ ಆಗೇತ್ರಿ" ಎಂದು ಒಣಮೆಣಸಿನಕಾಯಿ ಸುಟ್ಟ. ಸಿಲಿಂಡರಿನ ಜೊತೆ ಅವನನ್ನೂ ಮಧ್ಯಾಹ್ನದ ಬಸ್ಸಿಗೆ ಹತ್ತಿಸಿದೆ. ಹೀಟರ್ ಅಟ್ಟ ಸೇರಿದೆ.

ಅಖ್ತರಿಗೆ ನಿನ್ನ ಮೇಲೆ ಸಿಟ್ಟು. ಚೇತರಿಸಿಕೊಂಡ ಮೇಲೆ ಅವಳು ಮೊದಲು ಕೇಳಿದ್ದು, "ಮಾಮಾ, ಕಿಟಕಿ ಬಗ್ಗೆ ಅವರು ಏನೂ ಬರದಿರಲಿಲ್ಲೇನ್ರಿ?" ಎಂದು. "ಬರದಿದ್ದರ ಓದತಿದ್ದಿಲ್ಲೇನವಾ" ಎಂದೆ. ಅವಳು ಗೋಡೆಯ ಕಡೆ ಹೊರಳಿದಳು. ದಿಂಬಿನ ಹತ್ತಿರ ಇದ್ದ ನಿನ್ನ ಫೋಟೋ ಈಗ ಟ್ರಂಕಿನಲ್ಲಿದೆ. "ಸಾಮಾನು ಕಳಿಸಿದರ ಆತೇನ್ರಿ, ನಮ್ಮ ಕಾಳಜಿ ಬ್ಯಾಡೇನು?" ಎಂದು ನಿನ್ನ ಅಮ್ಮಿಯ ಮುಂದೆ ಅತ್ತಳಂತೆ.

ಅಲ್ಲಾಹನು ನಿನ್ನನ್ನು ಸುಖವಾಗಿಡಲಿ. ಕೋಣೆಯ ಜೊತೆಗಾರರಿಗೆ ಸಲಾಮು ಹೇಳು.

ಇತಿ ನಿನ್ನ ಅಬ್ಬಾ,
ಅಲ್ಲಾಉದ್ದೀನ

ತಾ.ಕ.: ನೀನು ಬರೆದಿದ್ದೆ. ಎರಡನೆಯ ಹಾಳೆಯ ಕೊನೆಗೆ, ಅಡಿಗೆರೆ ಎಳೆದು: "ಹೀಟರ್ ಉರಿಯುವಾಗ ಕಿಟಕಿ ಒಂದು ಗೇಣು ತೆರೆದಿರಲಿ, ಬೆಳಕಿಂಡಿ ಮುಚ್ಚಬೇಡಿ." ನೂಲಿಗೆ ಬಣ್ಣ ಹಾಕುವ ಭಟ್ಟಿಯ ಮುಂದೆ ಮೂವತ್ತು ವರ್ಷ ಕಳೆದ ನನಗೆ ಇವನು ಬೆಂಕಿಯ ಪಾಠ ಹೇಳುತ್ತಾನೆ ಎಂದು ಆ ಸಾಲು ಬಿಟ್ಟು ಓದಿದೆ. ಉಸ್ಮಾನಸಾಬ ದಡ್ಡ, ಅವನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ನಿನ್ನ ಆ ಪತ್ರ ಹಿಡಿದು ಮೂರು ಸಲ ಅವಳ ಬಾಗಿಲ ತನಕ ಹೋಗಿ ಬಂದೆ. ಅಖ್ತರಿಗೆ ಓದು ಬರುತ್ತದೆ. ಅದಕ್ಕೇ ನಾನು ಬರೆದ ಈ ಪತ್ರವನ್ನು ಅಂಟಿಸದೆ ಅವಳ ಕೈಗೆ ಕೊಡುತ್ತಿದ್ದೇನೆ. ಓದಿ, ಅವಳೇ ಅಂಟಿಸಿ ಅಂಚೆಯ ಹನಮಪ್ಪನಿಗೆ ಕೊಡಲಿ. ಈ ಪತ್ರ ನಿನಗೆ ಮುಟ್ಟಿದರೆ ಅವಳು ಓದಿದ್ದಾಳೆ ಎಂದು ತಿಳಿ. ಇನ್ನು ಮುಂದೆ ಅವಳ ಹೆಸರಿಗೇ ಬರೆ.