ಹಾಲು ನೋಡಿದರು, ಕ್ಯಾನು ನೋಡಲಿಲ್ಲ

ಚಿಕ್ಕಮ್ಮಾ,

ವಕ್ಕಲೇರಿ ಡೇರಿಯ ಬೆಳಗುಗಳೇ ಮೊದಲು ನೆನಪಾಗುತ್ತವೆ. ಹಾಲು ಅಳೆಯುವ ಮೊದಲು ನೀನು ಪ್ರತಿಯೊಬ್ಬರ ಕ್ಯಾನಿನ ಕಂಠದೊಳಗೆ ಬೆರಳಾಡಿಸುತ್ತಿದ್ದೆ. ಯಂತ್ರ ಹಾಲು ಸರಿಯಿದೆ ಎಂದರೂ ನಿನ್ನ ಬೆರಳು ಜಾರಿದರೆ ಕ್ಯಾನು ವಾಪಸ್. ಹಾಲು ಹಾಕಲು ಬರುತ್ತಿದ್ದ ಮುನಿಯಮ್ಮ ತೆಲುಗಿನಲ್ಲೇ ಜಗಳಕ್ಕೆ ನಿಲ್ಲುತ್ತಿದ್ದಳು: "ಪಾಲು ಬಾಗುನ್ನಾಯಿ ಕದಕ್ಕಾ!"

"ಹಾಲು ಚೆನ್ನಾಗೈತೆ ಕಣೇ, ಕ್ಯಾನು ಚೆನ್ನಾಗಿಲ್ಲ. ಒಳಗೆ ಲೋಳೆ ಕಟ್ಟೈತೆ. ಬಿಸಿನೀರು ಹುಯ್ದ್ರೆ ಮೇಲ್ಮೇಲೆ ಹೋಗ್ತದೆ, ಉಜ್ಜಿದ್ರೇನೇ ಬಿಡೋದು."

"ನಿನ್ ಬೆರಳೇನು ಮಿಷನ್ನಾ?"

"ಮಿಷನ್ನಿಗೆ ಬೆರಳಿಲ್ವಲ್ಲೇ, ಅದಕ್ಕೇ ನನ್ನ ಕೂರ್ಸಿರೋದು."

ಆಸ್ಪತ್ರೆಯಲ್ಲಿ ಔಷಧ ಶುರುವಾದ ಆ ಮೂರನೆಯ ದಿನ ನೆನಪಿದೆಯೇ? ಡಯಾಲಿಸಿಸ್‌ಗೆಂದು ನಿನ್ನ ಕುತ್ತಿಗೆಗೆ ಪ್ಲಾಸ್ಟಿಕ್ ಕೊಳವೆ ಹಾಕಿ ಕೆಲವು ವಾರಗಳಾಗಿದ್ದವು. ಚಳಿಜ್ವರ ಬಂತು. ರಕ್ತದಲ್ಲಿ ಶಿಲೀಂಧ್ರ ಸೇರಿದೆ ಎಂದರು; ಪ್ರಯೋಗಾಲಯದ ವರದಿ ಬಂತು, ಇಂಥ ಔಷಧಕ್ಕೆ ಅದು ಸಾಯುತ್ತದೆ ಎಂದು. ಆ ಔಷಧ ಕೊಟ್ಟ ಮೇಲೆ ಎರಡು ದಿನ ಜ್ವರ ಇಳಿಯಿತು. ಮೂರನೆಯ ದಿನ ಮತ್ತೆ ಹಲ್ಲು ಕಟಕಟಿಸಿದವು. "ವರದಿ ಚೆನ್ನಾಗಿಯೇ ಇದೆ, ಕೊಳವೆ ತೆಗೆದರೆ ಮತ್ತೆ ಹಾಕೋಕೆ ನರ ಸಿಗೋದು ಕಷ್ಟ. ಡೋಸ್ ಹೆಚ್ಚಿಸಿ ಕಾಯೋಣ" ಎಂದರು ಡಾಕ್ಟರು.

ಅವರು ಬಾಗಿಲಲ್ಲಿದ್ದಾಗಲೇ ನೀನು ನನ್ನ ತೋಳು ಎಳೆದೆ. "ಲೇ ಸೀನ, ಈ ಪೈಪೊಳಗೆ ಲೋಳೆ ಕಟ್ಟೈತೆ ಕಣೋ. ಔಷಧಿ ಮೇಲ್ಮೇಲೆ ಹೋಗ್ತೈತೆ. ಕಿತ್ತಾಕಿ ಅಂತ ಹೇಳೋ."

"ಸುಮ್ನಿರು ಚಿಕ್ಕಮ್ಮ, ಇದೇನು ಹಾಲಿನ ಡೇರೀನಾ?"

"ಆಯ್ತಪ್ಪಾ, ಓದಿದೋನು ನೀನು."

ಶ್ರೀನಿವಾಸಪುರದ ಗ್ರಂಥಾಲಯದಲ್ಲಿ ಮೂವತ್ತು ವರ್ಷ ಪುಸ್ತಕಗಳ ನಡುವೆ ಕೂತವನು ನಾನು. ಕೆರೆ ಒತ್ತುವರಿಯಾದರೆ ಕಚೇರಿಗೆ ಹೋಗಿ ಮೇಜು ಗುದ್ದಿದವನು. ಅಂದು ಬಿಳಿ ಕೋಟಿನೆದುರು ನನ್ನ ಚಿಕ್ಕಮ್ಮನ ಮಾತು ಹೇಳಲು ನಾಚಿಕೆಪಟ್ಟೆ. ಕೊನೆಗೆ ಕೊಳವೆ ತೆಗೆಯುವ ಹೊತ್ತಿಗೆ ನಿನಗೆ ನನ್ನ ಗುರುತೇ...

ನಿನ್ನ ಹನ್ನೊಂದನೆಯ ದಿನದ ಕಾರ್ಯ ಮುಗಿಸಿ ಕಾಗದಪತ್ರ ತರಲು ಹೋದಾಗ ಪ್ರಯೋಗಾಲಯದಲ್ಲಿ ನಸೀಮಾ ಸಿಕ್ಕಳು. ಮುಳಬಾಗಿಲಿನ ಹುಡುಗಿ, ಅಲ್ಲೇ ಉನ್ನತ ವ್ಯಾಸಂಗ ಮಾಡುತ್ತಿದ್ದಾಳೆ. ನಿನ್ನ ಕೊಳವೆಯ ತುದಿ ಅವಳ ಕೈಗೇ ಬಂದಿತ್ತು. ಅದರ ಮೇಲಿದ್ದ ಶಿಲೀಂಧ್ರವನ್ನು ಅವಳು ಎರಡು ರೀತಿ ಪರೀಕ್ಷಿಸಿದ್ದಳು: ದ್ರವದಲ್ಲಿ ತೇಲಬಿಟ್ಟು ಒಮ್ಮೆ, ಪ್ಲಾಸ್ಟಿಕ್ ಚೂರಿನ ಮೇಲೆ ಪದರ ಕಟ್ಟಲು ಬಿಟ್ಟು ಇನ್ನೊಮ್ಮೆ. ತೇಲುತ್ತಿದ್ದದ್ದು ಸ್ವಲ್ಪ ಔಷಧಕ್ಕೇ ಸೋತಿತು. ಪದರದ ಮೇಲೆ ಅದೇ ಔಷಧವನ್ನು ಎಷ್ಟೋ ಪಟ್ಟು ಹೆಚ್ಚು ಸುರಿದು, ತೊಳೆದು, ಜೀವ ಉಳಿದಿದ್ದರೆ ಮಾತ್ರ ಬಣ್ಣ ತಿರುಗುವ ದ್ರಾವಣ ಹಾಕಿದಳು. ಪರೀಕ್ಷಾ ತಟ್ಟೆಯ ಗುಳಿಗಳೆಲ್ಲ ಕಿತ್ತಳೆ ಬಣ್ಣಕ್ಕೆ ತಿರುಗಿದವಂತೆ.

"ಅಂದ್ರೆ ಬದುಕೇ ಇತ್ತಾ ತಾಯಿ?"

"ಆರಾಮಾಗಿತ್ತು ಸಾರ್. ರಕ್ತದಲ್ಲಿ ತೇಲೋದನ್ನ ಔಷಧಿ ಕೊಲ್ತಿತ್ತು, ಪೈಪಿನಿಂದ ಹೊಸದು ಬರ್ತಾನೇ ಇತ್ತು."

ನೀನು ಹೇಳಿದ್ದಕ್ಕಿಂತ ಹೆಚ್ಚೇನು ಹೇಳಿದಳು ಅವಳು?

ಹೋದ ವಾರ ಆ ಫಲಿತಾಂಶ ಬರೆಸಿಕೊಂಡು ಅದೇ ಡಾಕ್ಟರ ಬಳಿ ಹೋದೆ. ಓದಿ, ಮಡಚಿ, ವಾಪಸ್ ಕೊಟ್ಟರು. "ಇದು ಸಂಶೋಧನೆಯ ಪರೀಕ್ಷೆ. ಪದರಕ್ಕೆ ಇಷ್ಟು ಔಷಧ ಸಾಕು, ಇಷ್ಟು ಸಾಲದು ಅಂತ ಒಪ್ಪಿತವಾದ ಅಳತೆಯೇ ಇನ್ನೂ ಇಲ್ಲ. ವರದಿಯಲ್ಲಿ ಹಾಕೋಕಾಗಲ್ಲ." ಅದು ಸುಳ್ಳಲ್ಲ, ನಸೀಮಾಳೂ ಹಾಗೆಯೇ ಹೇಳಿದ್ದಳು. ಹಾಗಾದರೆ ಅಳತೆಯಿಲ್ಲದ್ದೆಲ್ಲ ಇಲ್ಲವೇ ಇಲ್ಲವೇ? "ಈ ಔಷಧ ಕೆಲಸ ಮಾಡುತ್ತದೆ" ಎಂದು ಬರೆಯುವವರು, ಯಾವುದನ್ನು ನೋಡಿಲ್ಲ ಎಂಬುದನ್ನೂ ಒಂದು ಸಾಲು ಬರೆಯಬಾರದೇ?

ಸಿಟ್ಟಿನಲ್ಲಿ ಹೊರಬಂದರೆ ಬೆಂಚಿನ ಮೇಲೆ ಟೇಕಲ್ ಕಡೆಯವನೊಬ್ಬ ಕೂತಿದ್ದ. ಹೆಂಡತಿಗೆ ನಿನ್ನಂಥದ್ದೇ ಕೊಳವೆ, ನಿನ್ನಂಥದ್ದೇ ಶಿಲೀಂಧ್ರ. ಕೈಯಲ್ಲಿ ವರದಿ. "ಔಷಧಿ ಕೆಲ್ಸ ಮಾಡ್ತೈತಂತೆ ಸಾರ್" ಎಂದು ನಕ್ಕ. "ಎರಡು ದಿನ ಜ್ವರ ಬಿಟ್ಟಿತ್ತು. ಇವತ್ತು ಯಾಕೋ ಮತ್ತೆ..."

ಅವನ ಕೈಹಿಡಿದು ಒಳಗೆ ಕರೆದುಕೊಂಡು ಹೋದೆ. ಡಾಕ್ಟರು ಮುಖ ಗಂಟಿಕ್ಕಿದರು. ಡೇರಿ ಎಂದೆ, ಕ್ಯಾನು ಎಂದೆ, ಬೆರಳು ಎಂದೆ. ನರ್ಸ್ ನಕ್ಕಳು. ನಾನು ನಿಲ್ಲಿಸಲಿಲ್ಲ. ನಿನ್ನ ಹೆಸರು ಹೇಳಿ, ನಿನ್ನ ಮಾತನ್ನು ನಿನ್ನ ಮಾತಿನಲ್ಲೇ ಹೇಳಿದೆ. ಡಾಕ್ಟರು ನಸೀಮಾಳ ಫಲಿತಾಂಶವನ್ನೂ ಅವನ ವರದಿಯನ್ನೂ ಪಕ್ಕಪಕ್ಕ ಇಟ್ಟುಕೊಂಡು ಮತ್ತೊಮ್ಮೆ ಓದಿದರು.

ಮರುದಿನ ಬೆಳಿಗ್ಗೆ ಅವನ ಹೆಂಡತಿಯ ಕೊಳವೆ ತೆಗೆದರು. ಬದುಕುತ್ತಾಳೋ ಇಲ್ಲವೋ ಇನ್ನೂ ಗೊತ್ತಿಲ್ಲ. ನಾಳೆ ಮತ್ತೆ ಹೋಗಿ ನೋಡುತ್ತೇನೆ.

ನಿನ್ನ ಆ ಮಾತು ಹೇಳಲು ಒಂದು ನಿಮಿಷವೂ ಹಿಡಿಯಲಿಲ್ಲ, ಚಿಕ್ಕಮ್ಮ.

ನಿನ್ನ
ಸೀನ