ಮೊಣಕಾಲಿಗೆ ಹಚ್ಚಿಕೊಂಡ ಮಣ್ಣು

ಜನವರಿ 19, ಭಾನುವಾರ — ಸಂಜೆ 6

ಇವತ್ತೂ ಹಚ್ಚಿಕೊಂಡೆ. ನಮ್ಮ ಬಸ್‌ಸ್ಟ್ಯಾಂಡ್ ಹಿಂದಿನ ನಲ್ಲಿ ಹತ್ತಿರ ಕೂತು, ಕೆಂಪು ಮಣ್ಣು ಕಲಸಿ, ಪ್ಯಾಂಟಿನ ಎರಡೂ ಮೊಣಕಾಲಿಗೆ. ಒಂದಿಷ್ಟು ಮೊಣಕೈಗೆ. ಯಾರಾದರೂ ನೋಡಿದರೋ ಅಂತ ನಾಲ್ಕು ಸಲ ಹಿಂದೆ ತಿರುಗಿದೆ. ಒಂದು ಹಂದಿ ನೋಡುತ್ತಿತ್ತು, ಅಷ್ಟೇ.

ಗೆದ್ದೆವು. ಮೂರು–ಒಂದು. ತಾಂಡೂರಿನವರ ಮೇಲೆ, ತಾಂಡೂರಿನಲ್ಲೇ. ಮೂರು ಊರುಗಳ ಹುಡುಗಿಯರ ಫುಟ್‌ಬಾಲ್ ಲೀಗ್ ಕಪ್ಪು ಜಹೀರಾಬಾದಿಗೆ ಬಂತು. ಮೂರೂ ಗೋಲು ಸರಿತಾಳದ್ದು. ಸರಿತಾ ನಾನು. ಹೊಡೆದದ್ದು ನಾನಲ್ಲ.

ಹೊಡೆದವಳು ಧಮ್ಮಶೀಲಾ. ಗಡಿ ಆಚೆಯ ಹಳ್ಳಿಯವಳು, ಬೀದರ್ ಕಡೆ. ಲೀಗಿನ ರೂಲು — ಜಹೀರಾಬಾದ್, ನಾರಾಯಣಖೇಡ್, ತಾಂಡೂರು, ಈ ಮೂರು ಕಡೆಯ ಆಧಾರ್ ಇದ್ದವರು ಮಾತ್ರ ಆಡಬೇಕು. ಅವಳ ಕಾರ್ಡ್ ಕರ್ನಾಟಕದ್ದು. ನನ್ನದು ಇಲ್ಲಿಯದು, ತೆಲಂಗಾಣದ್ದು. ಅಕ್ಟೋಬರಿನಲ್ಲಿ ನಾನೂ ಎರಡು ದಿನ ಓಡಿದೆ, ಮೂರನೇ ದಿನ ಉಸಿರು ಸಿಗದೆ ವಾಂತಿ ಮಾಡಿಕೊಂಡೆ. ಹನ್ನೊಂದು ಜನ ಆಗದಿದ್ದರೆ ತಂಡವೇ ಬಂದ್ ಅಂದರು ಮ್ಯಾನೇಜರ್ ನಂದಕಿಶೋರ ಸರ್. ತಂಡ ಬಂದ್ ಆದರೆ ಭಾನುವಾರ ನಾನು ಯಾವ ನೆಪ ಹೇಳಿ ಮನೆಯಿಂದ ಹೊರಗೆ ಬೀಳಲಿ... ನಾನೇ ಬಾಯಿಬಿಟ್ಟೆ. ನನ್ನ ಜೆರಾಕ್ಸ್ ಇಟ್ಟು ಅವಳನ್ನು ಆಡಿಸಿರಿ ಅಂತ. ಯಾರೂ ಕೇಳಿರಲಿಲ್ಲ. ನಾನೇ.

ಆವತ್ತಿನಿಂದ ಒಂಬತ್ತನೇ ನಂಬರಿನ ಸರಿತಾ ಅವಳು. ನನ್ನ ಪಾಲಿಗೆ ನೀರಿನ ಬಾಟಲಿ, ಐಸು, ಜೆರ್ಸಿ ಒಗೆಯುವುದು. ಮನೆಯಲ್ಲಿ ಮಾತ್ರ ನಾನು ಆಟಗಾರ್ತಿ.

ಅವ್ವ ಅರಿಶಿನ ಹಾಕಿ ಎಣ್ಣೆ ಬಿಸಿ ಮಾಡಿ ತಂದಳು. ಮೊಣಕಾಲು ತಿಕ್ಕುತ್ತಾ ಕೂತಳು. "ಇಷ್ಟ್ ಓಡಬ್ಯಾಡವ್ವ, ನಾಳಿ ಲಗ್ನ ಆಗಾಕಿ ನೀ" ಅಂದಳು. ನನ್ನ ಕಾಲು ನನಗೇ ಹೇಸಿಗೆಯಾಯಿತು. ಆದರೂ ಚಾಚಿಕೊಂಡೇ ಕೂತಿದ್ದೆ.

ಜನವರಿ 20 — ಬೆಳಿಗ್ಗೆ 5.30

ಹನ್ನೊಂದು ಜೆರ್ಸಿ ನೆನೆಹಾಕಿದೆ. ತಾಂಡೂರಿನ ಗ್ರೌಂಡಿನ ಕಲ್ಲುಪುಡಿ, ನೀರೆಲ್ಲ ಬೂದಿ ಬೂದಿ. ಒಂಬತ್ತನೇ ನಂಬರನ್ನು ಎರಡು ಸಲ ಒಗೆಯುತ್ತೇನೆ. ಅವಳ ಬೆವರಿನ ವಾಸನೆ ಹೋಗಲಿ ಅಂತ. ಅವಳ ಬೆವರು ನನಗೆ ಅಸಹ್ಯ ಅಂತಲ್ಲ. ಅವ್ವನಿಗೆ ಗೊತ್ತಾದೀತು ಅಂತ. ಇದು ಅದಕ್ಕಿಂತ ಕೆಟ್ಟದ್ದು.

ರಾತ್ರಿ ಸರ್ ಫೋನ್ ಮಾಡಿದ್ದರು. ಫೆಬ್ರವರಿ 2ಕ್ಕೆ ಸನ್ಮಾನ. ಮೂರೂ ಊರಿನ ತಂಡಗಳು ಬರುತ್ತವೆ. ಅತಿ ಹೆಚ್ಚು ಗೋಲಿನ ಟ್ರೋಫಿ — ವಿ. ಸರಿತಾ, ಹದಿನಾಲ್ಕು ಗೋಲು. ಜೊತೆಗೆ ಇನ್ನೊಂದು. ಮುಖ್ಯ ಅತಿಥಿ ಅನಸೂಯಾಬಾಯಿ, ಹುಡುಗಿಯರ ಹಾಸ್ಟೆಲ್ ಶಾಲೆಯ ಸೆಕ್ರೆಟರಿ. ಆ ಟ್ರೋಫಿ ತೆಗೆದುಕೊಂಡವಳಿಗೆ ತಮ್ಮ ಶಾಲೆಯಲ್ಲಿ ಆಟದ ಟೀಚರ್ ಕೆಲಸ ಕೊಡುತ್ತಾರಂತೆ. ಎಷ್ಟನೇ ಕ್ಲಾಸ್ ಪಾಸು ಅಂತ ಕೇಳುವುದಿಲ್ಲವಂತೆ.

ಹತ್ತನೇ ಕ್ಲಾಸು ಎರಡು ಸಲ ಫೇಲ್ ನಾನು. ಮೊದಲ ಸಲ ಟೈಫಾಯ್ಡ್, ಎರಡನೇ ಸಲ ಯಾವ ನೆಪವೂ ಇಲ್ಲ. ಫೋನ್ ಇಟ್ಟ ಕೂಡಲೇ ಖುಷಿಯಾಯಿತು. ಒಂದು ಕ್ಷಣ, ಖರೇನೇ ಖುಷಿಯಾಯಿತು. ಥೂ.

ಜನವರಿ 23, ಗುರುವಾರ

ಗ್ರೌಂಡಿಗೆ ಕರೆದಿದ್ದರು. ಸರ್, ಕ್ಯಾಪ್ಟನ್ ಗೌತಮಿ, ಧಮ್ಮಶೀಲಾ, ನಾನು. ನಾಲ್ಕೇ ಜನ. ಸ್ಟೇಜ್ ಮೇಲೆ ಯಾರು ಹೋಗಬೇಕು ಅಂತ.

"ಸರಿತಾನೇ ಹೋಗ್ಲಿ. ಆಕಿ ಅಪ್ಪ ಬರ್ಲಾಕತ್ಯಾರ" ಅಂದರು ಸರ್.

"ಮುಂದಿನ ಸಾಲಿನ್ಯಾಗ ತಾಂಡೂರ್ ಪೋರಿಗೋಳು ಕುಂತಿರ್ತಾರ್ರಿ ಸರ್" ಅಂದಳು ಗೌತಮಿ. "ಮೂರು ತಿಂಗಳು ಯಾರ ಹಿಂದ ಓಡೀವಂತ ಅವರಿಗಿ ಗೊತ್ತಿಲ್ಲೇನ್ರಿ?"

"ಮಾಸ್ಕ್ ಹಾಕ್ಕೊಳ್ಳಿ. ಥಂಡಿ ಆಗ್ಯಾದ ಅಂತ ಹೇಳಿದ್ರಾತು."

"ಹಂಗಾರ ಟ್ರೋಫಿಗೂ ಒಂದು ಮಾಸ್ಕ್ ಹಾಕಿಬಿಡ್ರಿ" ಅಂದಳು ಧಮ್ಮಶೀಲಾ. ಅವಳು ನಗಲಿಲ್ಲ. ಆಮೇಲೆ ಕೇಳಿದಳು, "ಮತ್ತ ನೌಕರಿ ಯಾರಿಗ್ರಿ?"

ಸರ್ ವಾಚ್ ನೋಡಿಕೊಂಡರು. "ಅದು ಆಮ್ಯಾಲ ನೋಡಮು."

ಅವಳು ಬೀದರಿನ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಹತ್ತು ತಾಸು ನಿಂತೇ ಇರಬೇಕು, ಸ್ಟೂಲ್ ಕೂಡ ಇಲ್ಲ. ಪಿಯುಸಿ ಪಾಸು. ಚಿಕ್ಕ ಹುಡುಗಿಯರಿಗೆ ಚೆಂಡು ಕಲಿಸುವುದೇ ಅವಳಿಗೆ ಬೇಕಾದದ್ದು, ಮೊದಲಿನಿಂದ ಹೇಳುತ್ತಿದ್ದಾಳೆ. ನನ್ನ ಕಡೆ ನೋಡಿದಳು. ನಾನು ಬಗ್ಗಿ ಚಪ್ಪಲಿ ಸರಿಮಾಡಿಕೊಂಡೆ. ಚಪ್ಪಲಿಗೆ ಏನೂ ಆಗಿರಲಿಲ್ಲ.

ಫೆಬ್ರವರಿ 1, ಶನಿವಾರ — ಮಧ್ಯಾಹ್ನ

ಎಂಟು ದಿನ ಏನೂ ಬರೆದಿಲ್ಲ. ಊಟ ಸೇರುತ್ತಿಲ್ಲ. ಹಿಡಿದುಬಿಟ್ಟರೆ? ಸ್ಟೇಜ್ ಮೇಲೇ ಕೂಗಿಬಿಟ್ಟರೆ? ಆಧಾರಿನ ವಿಷಯ, ಪೊಲೀಸ್ ಬಂದರೆ? ಅಪ್ಪನಿಗೆ ಬಿ.ಪಿ. ಕನ್ನಡಿ ಮುಂದೆ ಮಾಸ್ಕ್ ಹಾಕಿ ನೋಡಿದೆ, ಕಣ್ಣಷ್ಟೇ ಕಂಡವು. ಅವಳ ಕಣ್ಣು ಹೀಗಿಲ್ಲ.

ಟ್ರಾಕ್ಟರ್ ಸ್ಪೇರ್‌ಪಾರ್ಟ್ಸ್ ಅಂಗಡಿಯನ್ನು ಅಪ್ಪ ನಾಳೆ ಮುಚ್ಚುತ್ತಾನಂತೆ. ಕಬ್ಬಿನ ಸೀಸನ್ನಿನಲ್ಲಿ. ಅವ್ವನಿಗೆ ಹೇಳುತ್ತಿದ್ದ — "ಸುಗಲಾ, ಆ ಹಸರು ಸೀರಿ ಉಟ್ಕೋ, ಫೋಟೋದಾಗ ಚಂದ ಬರ್ತದ."

ಫೆಬ್ರವರಿ 2

ಬರೆಯಲಾಗುತ್ತಿಲ್ಲ.

ಫೆಬ್ರವರಿ 3, ಸೋಮವಾರ — ಬೆಳಿಗ್ಗೆ 11

ಅಪ್ಪ ಅಂಗಡಿಗೆ ಹೋದ. ಈಗ ಬರೆಯುತ್ತೇನೆ.

ಹೈವೇ ಮೇಲಿನ ಫಂಕ್ಷನ್ ಹಾಲ್. ಹಿಂದಿನ ದಿನ ಯಾರದೋ ಮದುವೆಯಾಗಿತ್ತು, ಚೆಂಡುಹೂವು ಕೊಳೆತು ನಾರುತ್ತಿತ್ತು. ಬ್ಯಾನರಿನ ಮೇಲೆ ಹದಿಮೂರು ಫೋಟೋ, ಆಡುವ ಹುಡುಗಿಯರದ್ದು ಒಂದೂ ಇಲ್ಲ. ಭಾಷಣ ಅರ್ಧ ಕನ್ನಡ, ಅರ್ಧ ತೆಲುಗು, ನಡುವೆ ಶಾಯರಿ. ಒಬ್ಬರು ಮುಕ್ಕಾಲು ತಾಸು ಕ್ರಿಕೆಟ್ ಬಗ್ಗೆ ಹೇಳಿದರು. ಶಾಲುಗಳನ್ನು ಮೊದಲು ದೊಡ್ಡವರಿಗೆ ಹೊದಿಸಿದರು, ಅಲ್ಲಿಗೇ ಮುಗಿದವು. ಗೌತಮಿಗೆ ಹೊದಿಸಲು ಒಬ್ಬರ ಹೆಗಲಿನದನ್ನೇ ಎಳೆದರು. ಕಪ್ ಗೆದ್ದ ಕ್ಯಾಪ್ಟನ್‌ಗೆ ಬೆವರು ಹತ್ತಿದ ಶಾಲು. ಅವಳು ನಗುತ್ತಾ ಫೋಟೋಕ್ಕೆ ನಿಂತಳು. ಇಳಿದು ಬಂದು ಮೂಗು ಮುಚ್ಚಿಕೊಂಡಳು.

ಧಮ್ಮಶೀಲಾಗೆ ಬರಬೇಡ ಅಂದಿದ್ದರು. ಬಂದಿದ್ದಳು. ಹಾಲಿನ ಹಿಂದೆ, ನೀರಿನ ಡ್ರಮ್ಮುಗಳ ಹತ್ತಿರ.

"ವಿ. ಸರಿತಾ! ಸ್ಟೇಜ್ ಮೀದಿಕಿ ರಾವಾಲಮ್ಮಾ!"

ಸ್ಟೇಜಿಗೆ ಬಾ ಅಂತ ತೆಲುಗಿನಲ್ಲಿ ಕರೆದರು, ಹೋದೆ. ಮಾಸ್ಕ್ ಒಳಗೆ ಉಸಿರು ಬಿಸಿಬಿಸಿ. ಅನಸೂಯಾಬಾಯಿ ಟ್ರೋಫಿ ಹಿಡಿದು, "ಮಾಸ್ಕ್ ತೆಗಿಯವ್ವ, ನಿನ್ನ ಮಾರಿ ನೋಡಬ್ಯಾಡೇನು?" ಅಂದರು. ಮೈಕಿನಲ್ಲೇ ಅಂದರು. ಹಾಲೆಲ್ಲ ನಕ್ಕಿತು.

ತೆಗೆದೆ.

ಮುಂದಿನ ಸಾಲಿನಲ್ಲಿ ಬಾಲಮಣಿ. ತಾಂಡೂರಿನ ಡಿಫೆಂಡರ್. ಫೈನಲ್ ಪೂರ್ತಿ ಒಂಬತ್ತನೇ ನಂಬರಿಗೆ ಅಂಟಿಕೊಂಡೇ ಆಡಿದವಳು, ಹುಬ್ಬಿನ ಮೇಲೆ ಇನ್ನೂ ಪಟ್ಟಿ. ನನ್ನ ಮುಖ ನೋಡಿದಳು. ನೋಡುತ್ತಲೇ ಇದ್ದಳು. ಮುಗಿಯಿತು ಅಂದುಕೊಂಡೆ.

ಚಪ್ಪಾಳೆ ತಟ್ಟಿದಳು. ಎಲ್ಲರಿಗಿಂತ ಮೊದಲು ಅವಳೇ. ಆಮೇಲೆ ಇಡೀ ಸಾಲು.

ಸೋಮವಾರ ಹತ್ತನೇ ತಾರೀಖಿಗೆ ಕೆಲಸಕ್ಕೆ ಬಾ ಅಂತ ಅನಸೂಯಾಬಾಯಿ ಮೈಕಿನಲ್ಲೇ ಹೇಳಿದರು. ಕೆಳಗೆ ಅಪ್ಪ ಪಕ್ಕದವರ ಕೈ ಹಿಡಿದು ಅಲ್ಲಾಡಿಸುತ್ತಿದ್ದ, "ನನ್ನ ಮಗಳ್ರಿ, ನನ್ನ ಮಗಳು" ಅಂತ. ಪಕ್ಕದವರು ತಾಂಡೂರಿನ ಕೋಚ್. ಅವರೂ ತಲೆ ಆಡಿಸುತ್ತಿದ್ದರು.

ಊಟವಾದ ಮೇಲೆ ಕೈ ತೊಳೆಯುವಲ್ಲಿ ಬಾಲಮಣಿ ಸಿಕ್ಕಳು. ಕೈಯಲ್ಲಿ ಬಗಾರಾ ಅನ್ನದ ಎಣ್ಣೆ. ಕಿವಿ ಹತ್ತಿರ ಬಂದಳು.

"ಫಿಕರ್ ಮಾಡಬ್ಯಾಡಕ್ಕಾ. ನಮ್ಮಾಕಿ ಒಬ್ಬಾಕಿ ಬೆಸ್ಟ್ ಗೋಲ್‌ಕೀಪರ್ ಅಂತ ಕಪ್ಪ್ ತಗೊಂಡಾಳಲ್ಲ? ಒಂದಿನಾನೂ ಗೋಲ್‌ದಾಗ ನಿಂತಾಕಿ ಅಲ್ಲ. ನಾರಾಯಣಖೇಡ್‌ದವರದೂ ಇಬ್ಬರು ಹಂಗೇ." ನಕ್ಕಳು. "ನೀವು ನಮ್ದು ಹೇಳಬ್ಯಾಡ್ರಿ, ನಾವು ನಿಮ್ದು ಹೇಳಂಗಿಲ್ಲ. ನಂದಕಿಶೋರ್ ಸರ್ ಹೇಳಿಲ್ಲೇನು?"

ತಿರುಗಿ ನೋಡಿದೆ. ಡ್ರಮ್ಮುಗಳ ಹತ್ತಿರ ಧಮ್ಮಶೀಲಾ ಒಬ್ಬಳೇ ಇರಲಿಲ್ಲ. ನಾಲ್ಕು ಹುಡುಗಿಯರು, ಪ್ಲೇಟು ಹಿಡಿದು ನಿಂತೇ ಉಣ್ಣುತ್ತಿದ್ದರು. ಒಬ್ಬಳ ಬೆರಳುಗಳಿಗೆ ಕೀಪರ್‌ಗಳು ಸುತ್ತುವ ಟೇಪು ಇತ್ತು. ಪೂರ್ತಿ ಸೀಸನ್ ಆಡಿದವರು ಅಲ್ಲಿ. ನಾವು ಕುರ್ಚಿಯಲ್ಲಿ.

ಮೂರು ತಿಂಗಳು ಸಿಕ್ಕಿಬೀಳುತ್ತೇನೆ ಅಂತ ಸತ್ತೆ. ಹಿಡಿಯುವವರು ಯಾರೂ ಇರಲೇ ಇಲ್ಲ. ಹಗುರಾಗಬೇಕಿತ್ತು. ಗೋಡೆ ಹಿಂದೆ ಹೋಗಿ ತಿಂದದ್ದೆಲ್ಲ ಕಾರಿಕೊಂಡೆ. ಅವ್ವ ಬೆನ್ನು ಸವರಿ, "ಖುಷಿಗಿ ಹಿಂಗಾಗ್ತದ" ಅಂದಳು.

ಫೆಬ್ರವರಿ 5

ಟ್ರೋಫಿ ಜೊತೆ ಕೊಟ್ಟ ಸರ್ಟಿಫಿಕೇಟಿಗೆ ಅಪ್ಪ ಲ್ಯಾಮಿನೇಷನ್ ಮಾಡಿಸಿದ್ದಾನೆ. ಅಂಗಡಿಯಲ್ಲಿ ಫ್ಯಾನ್ ಬೆಲ್ಟುಗಳ ಪಕ್ಕ ತೂಗುಹಾಕಿದ್ದಾನೆ. ನಟ್ಟು ಬೋಲ್ಟು ಒಯ್ಯಲು ಬಂದ ರೈತರು ನನ್ನ ಗೋಲು ನೋಡಿ ಹೋಗಬೇಕು.

ಧಮ್ಮಶೀಲಾಗೆ ಏಳು ಸಲ ಫೋನ್. ಎತ್ತಲಿಲ್ಲ.

ಫೆಬ್ರವರಿ 8, ಶನಿವಾರ — ಸಂಜೆ

ಬೀದರಿಗೆ ಹೋಗಿದ್ದೆ. ಮನೆಯಲ್ಲಿ ಪ್ರಾಕ್ಟೀಸ್ ಅಂತ ಹೇಳಿ. ಅಭ್ಯಾಸವಾಗಿಬಿಟ್ಟಿದೆ ಸುಳ್ಳು, ನಾಲಿಗೆ ತಾನಾಗಿ ಹೇಳುತ್ತದೆ.

ಅವಳು ಅಂಗಡಿಯಲ್ಲಿ ಸೀರೆ ಮಡಚುತ್ತಾ ನಿಂತಿದ್ದಳು. "ಏನ್ ತೋರಿಸ್ಲಿರಿ ಟೀಚರಮ್ಮ?" ಅಂದಳು.

"ಹಂಗನಬ್ಯಾಡ. ಆ ನೌಕರಿ ನಿಂದದ. ನೀನೇ ಹೋಗು."

"ಯಾರ ಹೆಸರಿಂದ ಹೋಗ್ಲಿ?"

ಕೊಳ್ಳುವವಳಂತೆ ಒಂದು ಸೀರೆಯ ಬೆಲೆ ಚೀಟಿ ತಿರುಗಿಸಿ ನೋಡಿದೆ.

"ಮೂರು ತಿಂಗಳು ಗೋಲು ಹೊಡದ ಮ್ಯಾಲ ಎಲ್ಲರೂ ಸರಿತಾ ಸರಿತಾ ಅಂತ ಒದರಿದ್ರು. ಮೊದಲ ಎರಡು ಮ್ಯಾಚ್ ನಗು ಬರ್ತಿತ್ತು" ಅಂದಳು. ಸೀರೆಯ ಅಂಚು ಅಂಚಿಗೆ ಕೂಡಿಸಿದಳು. "ನೀ ಹೋಗಿ ಖರೆ ಹೇಳಿದ್ರ ನಾನೂ ಬರ್ತೀನಿ. ಧಮ್ಮಶೀಲಾ ಆಗೇ ಬರ್ತೀನಿ. ಕೊಟ್ರ ಕೊಡ್ಲಿ, ಬಿಟ್ರ ಬಿಡ್ಲಿ. ಹೇಳಾಕ ಆಗಲ್ಲಂದ್ರ ಇನ್ನ ಇಲ್ಲಿ ಬರಬ್ಯಾಡ. ಮಾಲಕ್ರು ನೋಡ್ಲಾಕತ್ಯಾರ."

ಒಂದು ಕರವಸ್ತ್ರ ಕೊಂಡು ಬಂದೆ. ಮಾಲೀಕರು ನೋಡುತ್ತಿದ್ದರಲ್ಲ.

ಫೆಬ್ರವರಿ 9, ಭಾನುವಾರ — ಮಧ್ಯಾಹ್ನ 3

ನಾಳೆ ಹೋಗಿ ಖರೆ ಹೇಳಿಬಿಡುತ್ತೇನೆ ಅಂತ ಗೌತಮಿಗೆ ಹೇಳಿದೆ. ಫೋನಿನಲ್ಲೇ ಚೀರಿದಳು. "ಕಪ್ಪ್ ಕಸ್ಕೋತಾರ, ಗೊತ್ತದ ಇಲ್ಲ? ನಾನೂ ಓಡೀನಿ, ನನ್ನ ಹಲ್ಲು ಮುರದದ. ಅದು ಸುಳ್ಳೇನು?" ಅದು ಸುಳ್ಳಲ್ಲ. ಅವಳ ಹಲ್ಲು ಖರೆ. ಇದನ್ನೇ ಬೆಳಗಿನಿಂದ ಜಗಿಯುತ್ತಿದ್ದೇನೆ.

ಆಮೇಲೆ ಅವ್ವನಿಗೆ ಹೇಳಿದೆ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಎಲ್ಲ ಒದರಿಬಿಟ್ಟೆ. ಅಳುತ್ತಾಳೆ, ಹೊಡೆಯುತ್ತಾಳೆ ಅಂದುಕೊಂಡಿದ್ದೆ. ಬಡಿಯುವುದು ನಿಲ್ಲಿಸಲಿಲ್ಲ.

"ಗೊತ್ತದ" ಅಂದಳು.

"ಹ್ಯಾಂಗ?"

"ತಾಂಡೂರಿಗಿ ಹೋದ್ರೂ ನಮ್ಮೂರ ಕೆಂಪು ಮಣ್ಣು, ಖೇಡಕ್ಕ ಹೋದ್ರೂ ನಮ್ಮೂರ ಕೆಂಪು ಮಣ್ಣು. ಚೀಲದಾಗಿನ ಅಂಗಿಗೋಳೆಲ್ಲ ಬೂದಿ, ನಿನ್ನ ಮೊಣಕಾಲಷ್ಟೇ ಕೆಂಪು. ನಿನ್ನ ಪ್ಯಾಂಟ್ ಒಗಿಯಾಕಿ ನಾ ಅಲ್ಲೇನು?"

"ಮತ್ತ ಎಣ್ಣಿ ಯಾಕ ತಿಕ್ಕಿದಿ?"

"ಮನ್ಯಾಗ ಕುಂತು ಕುಂತು ಹುಚ್ಚಿ ಆಗಿದ್ದಿ ನೀ. ಆಯಿತವಾರ ಬಂದ್ರ ನಗ್ತಿದ್ದಿ. ತಿಕ್ಕಿದೆ." ರೊಟ್ಟಿ ಹಂಚಿಗೆ ಹಾಕಿದಳು. "ನಿಮ್ಮಪ್ಪಗ ಹೇಳಬ್ಯಾಡ. ನಾಳಿ ಸುಮ್ಮನ ಸಾಲಿಗಿ ಹೋಗು. ಆ ಹುಡುಗಿ ಎಲ್ಲಿ ಬೇಕಾದಲ್ಲಿ ದುಡಿದು ತಿಂತಾಳ. ನಿನಗ ಯಾರ್ ಕೊಡ್ತಾರ?"

ಪ್ರೀತಿಯಿಂದಲೇ ಹೇಳಿದಳು. ಅದಕ್ಕೇ ಮೈಯೆಲ್ಲ ಜಿಗುಟು ಅನ್ನಿಸಿತು. ಆ ಎಣ್ಣೆ ಇನ್ನೂ ಕಾಲ ಮೇಲೇ ಇದ್ದಂತೆ. ಸೋಪು ಹಚ್ಚಿ ಮೂರು ಸಲ ತೊಳೆದೆ.

ಧಮ್ಮಶೀಲಾಗೆ ಮೆಸೇಜ್ — ನಾಳೆ ಒಂಬತ್ತಕ್ಕೆ, ಶಾಲೆಯ ಆಫೀಸು. ಎರಡು ತಾಸಿನ ಮೇಲೆ ಉತ್ತರ. 'ರಜಾ ಕೇಳೀನಿ.' ಅಷ್ಟೇ.

ಫೆಬ್ರವರಿ 10, ಸೋಮವಾರ — ಬೆಳಿಗ್ಗೆ 8.50

ಆಫೀಸ್ ಹೊರಗಿನ ಬೆಂಚು. ಮೊಣಕಾಲ ಮೇಲಿಟ್ಟು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ. ಬರೆಯದಿದ್ದರೆ ಎದ್ದು ಓಡಿಬಿಡುತ್ತೇನೆ.

ಅಪ್ಪ ಬಂದುಬಿಟ್ಟಿದ್ದಾನೆ. ಬೇಡ ಅಂದರೂ ಕೇಳಲಿಲ್ಲ. ಒಂದು ಕಿಲೋ ಪೇಡೆ, ಗೋಡೆಯಿಂದ ಇಳಿಸಿ ತಂದ ಸರ್ಟಿಫಿಕೇಟು. ನನ್ನ ಎಡಕ್ಕೆ ಅಪ್ಪ. ಬಲಕ್ಕೆ ಧಮ್ಮಶೀಲಾ, ತಲೆ ಬಿಗಿಯಾಗಿ ಬಾಚಿ, ಆಟದ ಬೂಟು ಹಾಕಿಕೊಂಡು.

ಅಪ್ಪ ಬಗ್ಗಿ ಅವಳಿಗೆ ಪೇಡೆ ಕೊಟ್ಟ. "ನಿನ್ನ ಹೆಸರೇನವ್ವ?"

"ಧಮ್ಮಶೀಲಾ ರೀ."

"ನೀನೂ ಆಡ್ತಿದ್ದೇನು? ಸ್ಟೇಜ್ ಮ್ಯಾಲ ನೋಡ್ಲಿಲ್ಲಲ್ಲ."

"ಹಿಂದ ನಿಂತಿದ್ದೆ ರೀ."

"ಮುಂದಿನ ಸಲ ನಿನಗೂ ಸಿಗ್ತದ ಬಿಡು. ನಮ್ಮ ಸರಿತಾನ ಹತ್ರ ಜರಾ ಕಲಿ."

ಅವಳು ಪೇಡೆ ಬಾಯಿಗೆ ಹಾಕಲಿಲ್ಲ. ಕೈಯಲ್ಲೇ ಹಿಡಿದಿದ್ದಾಳೆ. ನನ್ನ ಕಡೆ ನೋಡುತ್ತಿಲ್ಲ.

ಗ್ರೌಂಡಿನಲ್ಲಿ ಹುಡುಗಿಯರು ಸಾಲಾಗಿ ನಿಂತಿದ್ದಾರೆ. ನಡುವೆ ಒಂದು ಹೊಸ ಚೆಂಡು.

ಅಪ್ಪನನ್ನು ಹೊರಗೇ ಕೂರಿಸಲೇ? ಬೇಡ. ಅವನೂ ಒಳಗೆ ಬರಲಿ. ಬೇರೆಯವರು ಹೇಳಿ ಕೇಳಬಾರದು.

ಜವಾನ ಬಾಗಿಲು ತೆರೆದ. "ಸರಿತಾ ಯಾರ್ರಿ?" ಅಪ್ಪ ಎದ್ದು ನಿಂತ. ಅವಳು ಕೂತೇ ಇದ್ದಾಳೆ. ಅವಳ ಕೈ ಹಿಡಿದು ಎಬ್ಬಿಸಬೇಕು. ಮೊದಲ ಮಾತು ಇದೇ ಆಡಬೇಕು, ನಮಸ್ಕಾರಕ್ಕಿಂತ ಮೊದಲು, ಅಪ್ಪ ಪೇಡೆ ಡಬ್ಬಿ ತೆರೆಯುವುದಕ್ಕಿಂತ ಮೊದಲು — ಮೇಡಂ, ನಾನು ಒಂದು ಗೋಲೂ