ಹತ್ತೊಂಬತ್ತರಲ್ಲೇ ಇರುತ್ತೇನೆ

ಆನ್‌ಲೈನ್ ಆಟದ ಕಂಪನಿಯ ಮಹನೀಯರೇ,

ನನ್ನ ಲೆವೆಲ್ ಏರದಂತೆ ತಡೆಯಲು ಒಂದು ಸ್ವಿಚ್ಚು ಕೊಡಿ ಎಂದು ಎರಡು ಸಲ ಬರೆದೆ. "ಮುಂದೆ ಸಾಗುವುದರಲ್ಲೇ ಆಟದ ಆನಂದ" ಎಂದು ಎರಡು ಸಲವೂ ಒಂದೇ ಉತ್ತರ ಕಳಿಸಿದಿರಿ. ನನ್ನ ಆನಂದ ಎಲ್ಲಿದೆಯೆಂದು ನಿಮಗೆ ಹೇಳಿದವರು ಯಾರು?

ನಾನು ದರ್ಜಿ. ಬೇರೆ ಊರಲ್ಲಿರುವ ನನ್ನಕ್ಕನಿಗೆ ಲಕ್ವಾ ಹೊಡೆದು ಬಲಗೈ ಬೆರಳು ಮಡಚುವುದೇ ಕಷ್ಟವಾಗಿದೆ. ಆ ಬೆರಳು ಆಡಲೆಂದೇ ದಿನವೂ ಮಧ್ಯಾಹ್ನ, ನಾನು ಹೊಲಿಗೆ ಯಂತ್ರ ಬಿಟ್ಟೇಳುವ ಹೊತ್ತಿಗೆ, ಇಬ್ಬರೂ ನಿಮ್ಮ ಆಟದ ಹೊಳೆದಂಡೆ ಕಾಡಿನಲ್ಲಿ ಸೇರುತ್ತೇವೆ. ಅವಳು ನಿಧಾನವಾಗಿ ಸೊಪ್ಪು ಕೀಳುತ್ತಾಳೆ, ಮೈಮೇಲೆ ಬರುವ ತೋಳಗಳನ್ನು ನಾನು ಹೊಡೆಯುತ್ತೇನೆ. ಒಂದೊಂದು ತೋಳಕ್ಕೂ ಅಂಕ ಕೊಟ್ಟು ನೀವು ನನ್ನನ್ನು ಮೇಲಕ್ಕೆ ದಬ್ಬುತ್ತೀರಿ. ಇಪ್ಪತ್ತನೇ ಲೆವೆಲ್ ಮುಟ್ಟಿದವರಿಗೆ ಆ ಕಾಡಿನ ಬಾಗಿಲು ಮುಚ್ಚುತ್ತದೆ. ಅಕ್ಕ ಹನ್ನೊಂದರಲ್ಲಿದ್ದಳು.

ಸತ್ತರೆ ಅಂಕ ಇಳಿಯುತ್ತದೆಂಬ ನಿಯಮವೂ ನಿಮ್ಮದೇ ತಾನೆ? ಹಾಗಾಗಿ ಇಪ್ಪತ್ತು ಮುಟ್ಟುವ ಮೊದಲೇ ಸೇತುವೆ ಹತ್ತಿ ಧುಮುಕುತ್ತೇನೆ. ಈ ತಿಂಗಳು ಮೂವತ್ತೇಳು ಸಲ ಸತ್ತೆ.

"ಸತ್ತಾಯ್ತೇನೇ? ಬೇಗ ಬಾರೇ, ತೋಳ ಬಂತು!" ಎಂದು ಅಕ್ಕ ಫೋನಿನಲ್ಲಿ ಕೂಗುತ್ತಾಳೆ.

ನಿನ್ನೆ ನಾನು ಮತ್ತೆ ಹುಟ್ಟಿ ಓಡಿ ಬರುವಷ್ಟರಲ್ಲಿ ಆ ತೋಳವನ್ನು ಅವಳೇ ಹೊಡೆದು ಕೆಡವಿದ್ದಳು, ಅದೂ ಬಲಗೈಯಲ್ಲೇ. ಈಗ ಹನ್ನೆರಡರಲ್ಲಿದ್ದಾಳೆ.

ಸ್ವಿಚ್ಚು ಕೊಡುವುದಾದರೆ ಕೊಡಿ. ಕೊಡದಿದ್ದರೂ ಚಿಂತೆಯಿಲ್ಲ. ಅಕ್ಕನಿಗೆ ಇಪ್ಪತ್ತಾಗಲು ಇನ್ನು ಎಂಟೇ ಲೆವೆಲ್ ಬಾಕಿ. ಅಲ್ಲಿಯವರೆಗೆ ನಾನು ಸಾಯುತ್ತಲೇ ಇರುತ್ತೇನೆ.

ಇಂತಿ,
ಹತ್ತೊಂಬತ್ತು ಬಿಟ್ಟು ಕದಲದ
ಅವಳ ತಂಗಿ